ಎಡಗೈಗೊಂದು ಬಾಸ್ ಗಿಟಾರು

36 ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದು, ನೋಟು ಎಣಿಸಿ ನಿವೃತ್ತನಾದವನು ನಾನು. ಓದಿದ್ದು ಬಿ.ಕಾಂ. ಸಂಗೀತದಲ್ಲಿ ನನ್ನ ಪಾಂಡಿತ್ಯವೆಂದರೆ ರಾಮನವಮಿಯ ಕಚೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುವುದು, ಪಾನಕ ಕೋಸಂಬರಿ ಬಂದಾಗ ತಾಳ ಬಿಡುವುದು. ಮರಗೆಲಸವೆಂದರೆ ಕ್ಯಾಲೆಂಡರಿಗೆ ಮೊಳೆ ಹೊಡೆದದ್ದಷ್ಟೇ. ಇಂಥ ನಾನು 74ನೇ ವಯಸ್ಸಿನಲ್ಲಿ, ಮೈಸೂರಿನ ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ಕೂತು ಒಂದು ಬಾಸ್ ಗಿಟಾರು ಮಾಡಿದೆ ಎಂದರೆ ಹಳೆಯ ಸಹೋದ್ಯೋಗಿಗಳು ನಂಬುವುದಿಲ್ಲ. ಫೋಟೋ ಕಳಿಸಿದರೆ "ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಬರೆದೇ ಹೇಳೋಣ ಎಂದು ಕೂತಿದ್ದೇನೆ.

ನನ್ನ ವಯಸ್ಸಿನ ಓದುಗರಿಗೆ ಮೊದಲು ಬಾಸ್ ಗಿಟಾರು ಎಂದರೇನು ಎಂದು ಹೇಳಬೇಕು. ಮಕ್ಕಳಿಗೆ ಇದು ಗೊತ್ತೇ ಇರುತ್ತದೆ. ಮಾಮೂಲು ಗಿಟಾರಿಗೆ ಆರು ತಂತಿ. ಬಾಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ, ಆದರೆ ಒಂದೊಂದೂ ದಪ್ಪ. ಅದರ ಸ್ವರ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಹಾಡಿನಲ್ಲಿ ಅದು ಎದ್ದು ಕಾಣುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಡಿಮೆಯಾಯಿತಲ್ಲ ಅನ್ನಿಸುತ್ತದೆ. ಹುಳಿಯಲ್ಲಿ ಬೇಳೆ ಇದ್ದ ಹಾಗೆ. ಒಗ್ಗರಣೆಯನ್ನು ಎಲ್ಲರೂ ಹೊಗಳುತ್ತಾರೆ, ಬೇಳೆಯ ಹೆಸರು ಯಾರೂ ಎತ್ತುವುದಿಲ್ಲ.

ನನ್ನ ಮೊಮ್ಮಗಳು ಎಂಟನೇ ಕ್ಲಾಸು. ಅವಳ ಶಾಲೆಯಲ್ಲಿ ಮಕ್ಕಳೇ ಸೇರಿ ಒಂದು ವಾದ್ಯವೃಂದ ಕಟ್ಟಿಕೊಂಡರು. ಗಿಟಾರು ನುಡಿಸುವುದಕ್ಕೆ ಮೂವರು ತಯಾರು, ಬಾಸ್‌ಗೆ ಯಾರೂ ಇಲ್ಲ. "ಹಾಗಾದ್ರೆ ನಾನೇ ಬಾಸ್" ಎಂದು ಇವಳು ಹೇಳಿ ಬಂದಳು. ಅವಳ ಅಪ್ಪ, ಅಮ್ಮ, ನಾನು ಮೂವರೂ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆವು. ಅಲ್ಲಿಯೇ ತೊಡಕು ಶುರುವಾಯಿತು. ಮಗು ಎಡಚಿ. ಬರೆಯುವುದು, ಶಟಲ್ ಆಡುವುದು, ಹಲ್ಲುಜ್ಜುವುದು ಎಲ್ಲ ಎಡಗೈಯಲ್ಲೇ. ಅಂಗಡಿಯಲ್ಲಿ ಇದ್ದವೆಲ್ಲ ಬಲಗೈಯವರ ವಾದ್ಯಗಳು. ಅದೂ ಅಲ್ಲದೆ ಉದ್ದ ಬೇರೆ. ಮಾಮೂಲು ಬಾಸ್‌ನಲ್ಲಿ ತಂತಿ ಮಿಡಿಯುವ ಉದ್ದ 34 ಅಂಗುಲ. ಇವಳ ಬೆರಳು ಮೊದಲ ಮನೆಗೆ ತಲುಪಬೇಕಾದರೆ ಭುಜವೇ ಜಾರಿ ಬರಬೇಕು.

ಅವಳು ಒಂದನ್ನು ಎತ್ತಿಕೊಂಡು ಬಲಗೈಯವರ ಹಾಗೆ ಐದು ನಿಮಿಷ ಹಿಡಿದಳು. ಮುಖ ಸಪ್ಪೆಯಾಯಿತು. ಆಮೇಲೆ ತಾನೇ ತಿರುಗಿಸಿ ಎಡಕ್ಕೆ ಹಿಡಿದಳು. ಮುಖ ಅರಳಿತು. ಆದರೆ ಹಾಗೆ ತಿರುಗಿಸಿದರೆ ಮೇಲಿರಬೇಕಾದ ದಪ್ಪ ತಂತಿ ಕೆಳಕ್ಕೆ ಬರುತ್ತದೆ, ಕಿವಿ ಹಿಂಡುವ ಗುಂಡಿಗಳು ಮೊಣಕೈಗೆ ಒತ್ತುತ್ತವೆ. ಅಂಗಡಿಯವರು ನಗುತ್ತಲೇ ಹೇಳಿದರು: "ಬಲಗೈಲೇ ಕಲಿಸಿ ಸಾರ್, ಅಭ್ಯಾಸ ಆಗುತ್ತೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಎರಡು ಪದ, "ಅಭ್ಯಾಸ ಆಗುತ್ತೆ", ನನ್ನ ಕಿವಿಯಲ್ಲಿ ಬೇರೆ ಧ್ವನಿಯಲ್ಲಿ ಕೇಳಿಸಿತು.

ನಾನು ಒಂದನೇ ಕ್ಲಾಸಿಗೆ ಸೇರಿದ್ದು 1957ರಲ್ಲಿ, ಮಲೆನಾಡಿನ ಸೆರಗಿನ ಒಂದು ಹಳ್ಳಿಯಲ್ಲಿ. ಸ್ಲೇಟಿನ ಮೇಲೆ ಬಳಪ ಇಟ್ಟದ್ದು ಎಡಗೈಯಲ್ಲಿ. ಮೇಷ್ಟ್ರು ಗೆಣ್ಣಿನ ಮೇಲೆ ರೂಲರಿನಿಂದ ಕೊಟ್ಟರು. ಮಾರನೆಯ ದಿನವೂ ಕೊಟ್ಟರು. ಮನೆಯಲ್ಲಿ ಅಮ್ಮನದೂ ಅದೇ ಮಾತು: ಎಡಗೈಲಿ ಕೊಡಬೇಡ, ಎಡಗೈಲಿ ಇಸ್ಕೋಬೇಡ, ಅಭ್ಯಾಸ ಆಗುತ್ತೆ. ನಿಜ, ಅಭ್ಯಾಸ ಆಯಿತು. ಎರಡು ವರ್ಷ ಕೋಳಿ ಕೆದಕಿದ ಹಾಗಿದ್ದ ಅಕ್ಷರ ಆಮೇಲೆ ದುಂಡಗಾಯಿತು. ಬ್ಯಾಂಕಿನಲ್ಲಿ ನನ್ನ ಲೆಡ್ಜರಿನ ಅಕ್ಷರವನ್ನು ಮ್ಯಾನೇಜರುಗಳು ಹೊಗಳಿದ್ದೂ ಉಂಟು. ಆದರೆ ಮಾವಿನಕಾಯಿಗೆ ಕಲ್ಲು ಬೀಸಿದ್ದು ಎಡಗೈಯೇ. ಕ್ಯಾಷ್ ಕೌಂಟರಿನಲ್ಲಿ ನೋಟಿನ ಕಟ್ಟನ್ನು ಬಲಗೈಯಲ್ಲಿ ಹಿಡಿದು ಎಣಿಸಿದ್ದು ಎಡಗೈ ಹೆಬ್ಬೆರಳೇ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಹೇಳಲಿಲ್ಲ. ಮೇಷ್ಟ್ರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆ ಕಾಲದವರು ಹಾಗೆಯೇ ತಿಳಿದಿದ್ದರು. ಹತ್ತು ಜನರಲ್ಲಿ ಸುಮಾರು ಒಬ್ಬರು ಹುಟ್ಟಿನಿಂದಲೇ ಎಡಚರು ಎಂದು ಈಗ ಎಲ್ಲರಿಗೂ ಗೊತ್ತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಡಚರಾಗಿದ್ದೂ ಬಲಗೈ ಗಿಟಾರನ್ನೇ ಕಲಿತು ಚೆನ್ನಾಗಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಈ ವಾದ್ಯದಲ್ಲಿ ಎರಡು ಕೈಗೂ ಕೆಲಸ ಉಂಟು: ಒಂದು ತಂತಿಯನ್ನು ಒತ್ತುತ್ತದೆ, ಇನ್ನೊಂದು ಮೀಟುತ್ತದೆ. ಮಗು ತಾನೇ ಇಷ್ಟಪಟ್ಟು ಬಲಗೈಯಲ್ಲಿ ಕಲಿತರೆ ಯಾರ ತಕರಾರೂ ಇರಲಿಲ್ಲ. ಇವಳ ಇಷ್ಟ ಯಾವುದೆಂದು ಅಂಗಡಿಯಲ್ಲೇ ಅವಳ ಮುಖ ಹೇಳಿತ್ತು.

ಎಡಗೈಯ ಬಾಸ್ ತರಿಸಿಕೊಡುತ್ತೇವೆ, ಆದರೆ ಚಿಕ್ಕ ಅಳತೆಯದು ಸಿಗುವುದು ಕಷ್ಟ ಎಂದರು. ಮನೆಗೆ ಬಂದು ಪುಸ್ತಕ, ವಿಡಿಯೋ ಎಂದು ಒಂದು ತಿಂಗಳು ಹುಡುಕಿದೆ. ಹುಡುಕುತ್ತ ಹೋದಾಗ ಇಬ್ಬರ ಕತೆ ಸಿಕ್ಕಿತು. ಆ ಇಬ್ಬರೂ ನನಗೆ ಧೈರ್ಯ ಕೊಟ್ಟರು.

ಮೊದಲನೆಯವರು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. ಅವರು ಎಡಚರು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅವರು ಕೊಂಡ ಬಾಸ್ ಪಿಟೀಲಿನ ಆಕಾರದ್ದು, ಹಾಫ್ನರ್ ಕಂಪನಿಯದು. ಎರಡು ಪಕ್ಕವೂ ಒಂದೇ ಸಮ ಇದ್ದದ್ದರಿಂದ ಎಡಕ್ಕೆ ಹಿಡಿದರೂ ಅಸಡ್ಡಾಳಾಗಿ ಕಾಣುವುದಿಲ್ಲ ಎಂಬುದು ಅವರಿಗೆ ಹಿಡಿಸಿತಂತೆ. ಅದರ ತಂತಿಯ ಉದ್ದ 30 ಅಂಗುಲ ಮಾತ್ರ. ಆ ವಾದ್ಯ 1972ರಲ್ಲಿ ಕಳುವಾಗಿ, ಐವತ್ತು ವರ್ಷ ಕಳೆದ ಮೇಲೆ ಅವರ ಕೈಗೆ ವಾಪಸು ಬಂತು. 2024ರಲ್ಲಿ ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಮೊಮ್ಮಗಳು ಕತ್ತರಿಸಿ ಅಂಟಿಸಿಟ್ಟುಕೊಂಡಳು.

ಎರಡನೆಯವರು ಲಿಯೋ ಫೆಂಡರ್. ಅಮೆರಿಕದ ಕ್ಯಾಲಿಫೋರ್ನಿಯಾದವರು. ಹಿಂದೆ ಬಾಸ್ ಎಂದರೆ ಆಳೆತ್ತರದ ದೊಡ್ಡ ಪಿಟೀಲಿನಂಥ ವಾದ್ಯ. ನಿಂತು ನುಡಿಸಬೇಕು, ಊರಿಂದೂರಿಗೆ ಸಾಗಿಸುವುದೇ ಒಂದು ಪಾಡು. ಅದರ ಕತ್ತಿನ ಮೇಲೆ ಮೆಟ್ಟಿಲುಗಳೂ ಇರುವುದಿಲ್ಲ, ಸ್ವರವನ್ನು ಬೆರಳೇ ಹುಡುಕಬೇಕು. ಲಿಯೋ ಫೆಂಡರ್ 1951ರಲ್ಲಿ ಹೆಗಲಿಗೆ ನೇತುಹಾಕಿಕೊಳ್ಳುವ, ಮೆಟ್ಟಿಲುಗಳಿರುವ ವಿದ್ಯುತ್ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಬೆರಳಿಟ್ಟಲ್ಲಿ ನಿಖರವಾಗಿ ಸ್ವರ ಬರುತ್ತದೆಂದು ಅದಕ್ಕೆ 'ಪ್ರಿಸಿಷನ್ ಬಾಸ್' ಎಂದೇ ಹೆಸರಿಟ್ಟರು. ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವರು ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರ! ಮೊದಲು ಮಾಡಿದ್ದು ಲೆಕ್ಕ ಬರೆಯುವ ಕೆಲಸ. ಆ ಕೆಲಸ ಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ಇದನ್ನು ಓದಿದ ರಾತ್ರಿ ನನ್ನಾಕೆಯನ್ನು ಎಬ್ಬಿಸಿ ಹೇಳಿದೆ, "ನೋಡು, ಲೆಕ್ಕ ಬರೆಯೋನು ಗಿಟಾರು ಮಾಡಬಹುದು." ಅವಳು ಮಗ್ಗುಲು ಬದಲಿಸಿ, "ಬೆಳಗ್ಗೆ ಮಾಡಿ, ಈಗ ದೀಪ ಆರಿಸಿ" ಎಂದಳು.

ಮರ ಮನೆಯಲ್ಲೇ ಇತ್ತು. ಊರಿನ ಹಳೆಯ ಮನೆ ಕೆಡವಿದಾಗ ನಡುಮನೆಯ ಹಲಸಿನ ಬಾಗಿಲನ್ನು ಬಿಡಲು ಮನಸ್ಸಾಗದೆ ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದೆ. ಇಪ್ಪತ್ತು ವರ್ಷದಿಂದ ಅದು ಗೋಡೆಗೆ ಒರಗಿ ನಿಂತು ಮನೆಯವಳ ಬೈಗುಳ ಕೇಳುತ್ತಿತ್ತು. ಹಲಸಿನ ಮರ ವಾದ್ಯಕ್ಕೆ ಹೊಸದೇನಲ್ಲ. ಮೃದಂಗ ಮಾಡುವುದು ಹಲಸಿನಲ್ಲಿ, ತಂಜಾವೂರಿನ ವೀಣೆ ಕೊರೆಯುವುದೂ ಹಲಸಿನಲ್ಲಿ. ವಾದ್ಯದ ಮರ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಆಮೇಲೆ ಸೊಟ್ಟಗಾಗುತ್ತದೆ. ನಮ್ಮ ಬಾಗಿಲಿಗೆ ಎಂಬತ್ತು ವರ್ಷ ದಾಟಿತ್ತು, ಒಣಗುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಪಕ್ಕದ ರಸ್ತೆಯಲ್ಲಿ ಒಬ್ಬರು ಆಚಾರ್ರು ಇದ್ದಾರೆ. ಮಿಷನ್ ಕೆಲಸ ಅವರದು, ಕೈಕೆಲಸ ನಮ್ಮದು ಎಂದು ಒಪ್ಪಂದವಾಯಿತು. ಅವರು ಬಾಗಿಲನ್ನು ಬೆರಳಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳಿ, "ಸ್ವಾಮಿ, ಮರ ಮಾತಾಡ್ತದೆ, ಆದ್ರೆ ಹೊಟ್ಟೇಲಿ ಮೊಳೆ ಇದ್ರೆ ನನ್ನ ಮಿಷನ್ ಬ್ಲೇಡು ಹೋಗ್ತದೆ" ಎಂದರು. ಮೊಮ್ಮಗಳು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಬಾಗಿಲಿನುದ್ದಕ್ಕೂ ಆಡಿಸಿದಳು. ಮೊಳೆ ಇದ್ದ ಕಡೆ ಅದು ಟಕ್ ಎಂದು ಅಂಟಿಕೊಳ್ಳುತ್ತಿತ್ತು. ಒಟ್ಟು 11 ಮೊಳೆ ಸಿಕ್ಕವು. ಎಲ್ಲವನ್ನೂ ಕಿತ್ತು, ಹಲಗೆಗೆ ಹತ್ತರಿ ಹೊಡೆಸಿದಾಗ ಕಪ್ಪು ಮರದೊಳಗಿಂದ ಅರಿಸಿನದ ಬಣ್ಣ ಹೊರಬಂತು. ಎರಡು ತುಂಡು ಜೋಡಿಸಿ ಅಂಟು ಹಾಕಿದೆವು. ಮೈಯ ದಪ್ಪ 42 ಮಿಲಿಮೀಟರ್.

ಆಕಾರವನ್ನು ಪೂರ್ತಿ ಅಳತೆಗೆ ಟ್ರೇಸಿಂಗ್ ಹಾಳೆಯಲ್ಲಿ ಬರೆದುಕೊಂಡಿದ್ದೆವು. ಪುಸ್ತಕದಲ್ಲಿದ್ದದ್ದು ಬಲಗೈಯವರ ನಕ್ಷೆ. "ಇದನ್ನ ಎಡಗೈಗೆ ಹೇಗೆ ಬದಲಾಯಿಸೋದು, ತಾತ?" ಎಂದು ಕೇಳಿದಳು. ನಾನು ಹಾಳೆಯನ್ನು ಮಗುಚಿ ಹಾಕಿದೆ. ಅಷ್ಟೇ! ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲ ಎಡಕ್ಕೆ ಬಂತು. ಹೆಗಲ ಪಟ್ಟಿ ಕಟ್ಟುವ ಕೊಂಬು, ತೊಡೆಯ ಮೇಲೆ ಕೂರುವ ಸೊಂಟ, ಗುಂಡಿಗಳ ಜಾಗ, ಎಲ್ಲವೂ. ಮೇಲಿನ ಕೊಂಬು ಹೆಚ್ಚುಕಡಿಮೆ 12ನೇ ಮೆಟ್ಟಿಲಿನವರೆಗೆ ಚಾಚಿರಬೇಕು, ಇಲ್ಲದಿದ್ದರೆ ಕತ್ತಿನ ಭಾರಕ್ಕೆ ವಾದ್ಯ ಮುಗ್ಗರಿಸುತ್ತದೆ.

ಈಗ ಮೆಟ್ಟಿಲುಗಳಿಗೆ ಬರೋಣ. ಇದು ನನ್ನ ಇಲಾಖೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ, ನಮ್ಮ ವೀಣೆಯ ಮೆಟ್ಟಿಲುಗಳು ಇದ್ದ ಹಾಗೆ. ವೀಣೆಯಲ್ಲಿ 24 ಮೆಟ್ಟಿಲು, ಎರಡು ಸ್ಥಾಯಿ. ಅವನ್ನು ಮೇಣದಲ್ಲಿ ಕೂರಿಸುವುದರಿಂದ ಕಿವಿಯಲ್ಲಿ ಕೇಳಿಕೊಂಡು ಆಚೀಚೆ ಸರಿಸಬಹುದು. ಗಿಟಾರಿನಲ್ಲಿ ಮರವನ್ನು ಸೀಳಿ ಬಡಿದು ಕೂರಿಸುತ್ತಾರೆ, ಆಮೇಲೆ ಸರಿಸುವ ಮಾತಿಲ್ಲ. ಆದ್ದರಿಂದ ಲೆಕ್ಕ ಮೊದಲೇ ಸರಿ ಇರಬೇಕು.

ಮಕ್ಕಳೇ, ಈ ಲೆಕ್ಕ ಬೇರೇನೂ ಅಲ್ಲ, ಚಕ್ರಬಡ್ಡಿ! ಒಂದು ಸ್ವರದಿಂದ ಅದೇ ಸ್ವರದ ಮೇಲಿನ ಸ್ಥಾಯಿಗೆ ಹೋದರೆ ಕಂಪನಗಳ ಸಂಖ್ಯೆ ಎರಡರಷ್ಟಾಗುತ್ತದೆ. ಸೆಕೆಂಡಿಗೆ 55 ಇದ್ದದ್ದು 110 ಆಗುತ್ತದೆ. ನಡುವೆ 12 ಸಮನಾದ ಹೆಜ್ಜೆ. ಹಾಗಾದರೆ ಪ್ರತಿ ಹೆಜ್ಜೆಗೂ ಶೇಕಡ ಎಷ್ಟು ಬಡ್ಡಿ ಸೇರಿಸಿದರೆ 12 ಹೆಜ್ಜೆಯಲ್ಲಿ ಅಸಲು ದುಪ್ಪಟ್ಟಾಗುತ್ತದೆ? ಬ್ಯಾಂಕಿನವರಿಗೆ ಇದಕ್ಕೊಂದು ಬಾಯಿಲೆಕ್ಕ ಉಂಟು: 72ನ್ನು ಅವಧಿಯಿಂದ ಭಾಗಿಸಿ. 72 ಭಾಗಿಸು 12, ಅಂದರೆ 6. ಶೇಕಡ 6ರಂತೆ 100 ರೂಪಾಯಿ 12 ವರ್ಷಕ್ಕೆ 201 ರೂಪಾಯಿ 22 ಪೈಸೆ ಆಗುತ್ತದೆ. ಠೇವಣಿದಾರರಿಗೆ ಸಂತೋಷ, ಆದರೆ ಸಂಗೀತಕ್ಕೆ ಆ ಹೆಚ್ಚುವರಿ ಬೇಡ. ಸರಿಯಾದ ದರ ಶೇಕಡ 5.9463. ತಂತಿಯ ಉದ್ದಕ್ಕೆ ಬಂದರೆ ಇದೇ ಲೆಕ್ಕ ತಿರುಗುಮುರುಗು: ಉಳಿದಿರುವ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲು ಎಷ್ಟು ದೂರ ಎಂದು ಸಿಗುತ್ತದೆ.

ನಾವು ಆರಿಸಿಕೊಂಡದ್ದು 30 ಅಂಗುಲ, ಅಂದರೆ 762 ಮಿಲಿಮೀಟರ್. ಮೊದಲ ಮೆಟ್ಟಿಲು 42.77 ಮಿಲಿಮೀಟರಿಗೆ. ಐದನೆಯದು 191.14ಕ್ಕೆ, ಏಳನೆಯದು 253.43ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 381. ಇಪ್ಪತ್ತನೆಯದು 521.98. ಮೇಲೆ ಹೋದ ಹಾಗೆ ಮನೆಗಳು ಕಿರಿದಾಗುತ್ತ ಬರುತ್ತವೆ. ಮೊಮ್ಮಗಳು ಕ್ಯಾಲ್ಕುಲೇಟರಿನಲ್ಲಿ ಮಾಡಿದಳು, ನಾನು ಕಾಗದದ ಮೇಲೆ ಮಾಡಿದೆ, ತಾಳೆ ನೋಡಿದೆವು. ಸೊನ್ನೆ ವ್ಯತ್ಯಾಸ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಸಂಜೆ ಬ್ಯಾಂಕಿನಲ್ಲಿ ಕಾಫಿ ತರಿಸುತ್ತಿದ್ದೆವು. ಇಲ್ಲೂ ಕಾಫಿ ಆಯಿತು, ಅವಳಿಗೆ ಬಾದಾಮಿ ಹಾಲು.

ಗುರುತು ಹಾಕುವಾಗ ಪ್ರತಿ ಮೆಟ್ಟಿಲನ್ನೂ ತಂತಿ ಶುರುವಾಗುವ ಮೇಲಿನ ಕಟ್ಟೆಯಿಂದಲೇ ಅಳೆಯಬೇಕು, ಹಿಂದಿನ ಮೆಟ್ಟಿಲಿನಿಂದ ಅಳೆಯಬಾರದು. ಹಿಂದಿನದರಿಂದ ಅಳೆಯುತ್ತ ಹೋದರೆ, ಒಂದೊಂದರಲ್ಲಿ ಕಾಲು ಮಿಲಿಮೀಟರ್ ಹೆಚ್ಚಿದರೂ ಇಪ್ಪತ್ತಕ್ಕೆ ಐದು ಮಿಲಿಮೀಟರ್ ಆಯಿತು, ಸ್ವರವೆಲ್ಲ ಹದಗೆಟ್ಟಿತು. ಪೈಸೆ ಬಿಟ್ಟರೆ ರೂಪಾಯಿ ಹೋಗುತ್ತದೆ ಎಂದು ನಮ್ಮ ಹಿರಿಯ ಅಕೌಂಟೆಂಟರು ಹೇಳುತ್ತಿದ್ದದ್ದೂ ಇದನ್ನೇ.

ಇನ್ನೊಂದು ವಿಷಯ ಮೊಮ್ಮಗಳೇ ಕಂಡುಹಿಡಿದಳು. "ತಾತ, ಈ ಅಳತೆ ಬಲಗೈಯವರಿಗೂ ಎಡಗೈಯವರಿಗೂ ಒಂದೇ ಅಲ್ವಾ? ಮೆಟ್ಟಿಲಿಗೆ ಎಡ ಬಲ ಗೊತ್ತೇ ಇಲ್ಲ!" ಎಂದಳು. ಹೌದು, ಸ್ವರಕ್ಕೆ ಎಡ ಬಲ ಎಂಬುದಿಲ್ಲ.

ಮೈಯ ಒಳಗೆ ತಂತಿಯ ದನಿ ಹಿಡಿಯುವ ಪಿಕಪ್ ಕೂರಿಸಲು ಗುಳಿ ಬೇಕು. ದೊಡ್ಡ ಗುಳಿಯನ್ನು ಆಚಾರ್ರು ಮಿಷನ್ನಿನಲ್ಲಿ ತೆಗೆದುಕೊಟ್ಟರು. ಮೂಲೆಗಳನ್ನು ಉಳಿಯಲ್ಲಿ ಬಿಡಿಸುವ ಕೆಲಸ ನನ್ನದು. ಎರಡನೆಯ ದಿನವೋ ಮೂರನೆಯ ದಿನವೋ, ಕೆಲಸದಲ್ಲಿ ಮೈಮರೆತಿದ್ದೆ. ಎದುರು ಕೂತು ಉಪ್ಪುಕಾಗದ ಉಜ್ಜುತ್ತಿದ್ದ ಮೊಮ್ಮಗಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ತಾತ, ನೀನೂ ಎಡಚನಾ?"

ನೋಡಿಕೊಂಡೆ. ಕೊಡತಿ ಎಡಗೈಯಲ್ಲಿತ್ತು. ಹಿಡಿಯಬೇಕೆಂದು ಹಿಡಿದದ್ದಲ್ಲ, ಅದು ತಾನಾಗಿ ಅಲ್ಲಿಗೆ ಹೋಗಿತ್ತು. ಪೆನ್ನು ಹಿಡಿಯಲು ಬಲಗೈಗೆ ಕಲಿಸಿದ್ದರು, ಕೊಡತಿ ಹಿಡಿಯಲು ಯಾರೂ ಕಲಿಸಿರಲಿಲ್ಲ. ಅವತ್ತು ಅವಳಿಗೆ ಸ್ಲೇಟು, ರೂಲರು, ಎಲ್ಲವನ್ನೂ ಹೇಳಿದೆ. ನನ್ನ ಮಗನಿಗೂ ಹೇಳಿರದ ವಿಷಯ. ಅವಳು ಬಹಳ ಹೊತ್ತು ಸುಮ್ಮನಿದ್ದು, "ನೋವಾಗ್ತಿತ್ತಾ?" ಎಂದು ಕೇಳಿದಳು. ಬೆತ್ತದ ನೋವು ಆವತ್ತೇ ಹೋಯಿತು, ನನ್ನ ಕೈಯಲ್ಲೇ ಏನೋ ಐಬು ಇದೆ ಅನ್ನಿಸಿದ್ದು ಮಾತ್ರ ತುಂಬ ದಿನ ಉಳಿದಿತ್ತು ಎಂದೆ. ಒಳಗಿನಿಂದ ನನ್ನಾಕೆ, "ನೋಟು ಎಣಿಸೋದು ನೋಡಿದಾಗಲೇ ನನಗೆ ಗೊತ್ತಾಗಿತ್ತು ಬಿಡಿ" ಎಂದಳು. ಮದುವೆಯಾಗಿ 46 ವರ್ಷ. ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲಿನ ಕೆಲಸವನ್ನೆಲ್ಲ ಇಬ್ಬರೂ ಎಡಗೈಯವರಾಗಿಯೇ ಮಾಡಿದೆವು.

ಕತ್ತಿಗೆ ತೇಗದ ಮೂರು ಪಟ್ಟಿಗಳನ್ನು ನಾರು ಎದುರುಬದುರಾಗುವ ಹಾಗೆ ಅಂಟಿಸಿದೆವು. ಒಂದು ಬಾಗಲು ಹೊರಟರೆ ಇನ್ನೊಂದು ತಡೆಯುತ್ತದೆ. ನಾಲ್ಕು ತಂತಿ ಬಿಗಿದಾಗ ಕತ್ತಿನ ಮೇಲೆ ಬೀಳುವ ಎಳೆತ 50 ಕಿಲೋಗೂ ಹೆಚ್ಚು, ಒಂದು ಅಕ್ಕಿ ಮೂಟೆ ನೇತುಹಾಕಿದಷ್ಟು. ಅದಕ್ಕೇ ಕತ್ತಿನ ಒಳಗೆ ಕಾಲುವೆ ಕೊರೆದು ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇಡುತ್ತಾರೆ. ಅದರ ತಿರುಪನ್ನು ತಿರುಗಿಸಿ ಕತ್ತಿನ ಬಾಗು ಸರಿಮಾಡಬಹುದು. ಮೇಲಿನ ಪಟ್ಟಿ ಹಳೆಯ ಮಂಚದ ಬೀಟೆ ಮರದ್ದು. ಇಪ್ಪತ್ತು ಫ್ರೆಟ್ ಬಡಿದು, ತುದಿಗಳನ್ನು ಅರದಿಂದ ಉಜ್ಜಿ, ಮಗುವಿನ ಅಂಗೈ ಸವರಿದರೆ ಎಲ್ಲೂ ತರಚದ ಹಾಗೆ ನುಣುಪು ಮಾಡಲು ಒಂದು ವಾರ ಹಿಡಿಯಿತು.

ಪಿಕಪ್ಪನ್ನು ಕೊಂಡು ತಂದೆವು. ಅದು ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ ತತ್ವ. ನನ್ನ ಹಳೆಯ ಸೈಕಲ್ಲಿನ ಡೈನಮೋ ಉರಿಯುತ್ತಿದ್ದದ್ದೂ ಅದರಿಂದಲೇ. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ. ಗುಳಿಯ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆವು, ಟ್ಯೂಬ್‌ಲೈಟು ಫ್ಯಾನುಗಳಿಂದ ಬರುವ ಗುಂಯ್ ಸದ್ದು ಒಳಗೆ ನುಗ್ಗದಿರಲಿ ಎಂದು. ಬೆಸುಗೆ ಹಾಕಿದವನು ನನ್ನ ಮಗ, ಅವನಿಗೂ ಒಂದು ಪಾಲು ಬೇಕಿತ್ತು.

ಕೊನೆಯದು ಪಾಲಿಷ್. 80ನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 120, 180, 240, 320ರವರೆಗೆ ಬಂದೆವು. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಅದನ್ನು ಮತ್ತೆ ಉಜ್ಜಿ ಮಲಗಿಸಬೇಕು. ಧೂಳು ಎದೆಗೆ ಹೋಗದಂತೆ ಇಬ್ಬರೂ ಮಾಸ್ಕ್ ಕಟ್ಟಿಕೊಂಡಿದ್ದೆವು. ಬಳಿದದ್ದು ಫ್ರೆಂಚ್ ಪಾಲಿಷ್. ಹೆಸರು ಫ್ರೆಂಚಾದರೂ ಸರಕು ನಮ್ಮದೇ: ಅರಗಿನ ಹುಳು ಮರದ ಕೊಂಬೆಯ ಮೇಲೆ ಸುರಿಸುವ ಅಂಟು. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಅರಗೇ ಮೂಲ. ಇಲ್ಲಿ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯೊಳಗೆ ಹತ್ತಿಯಿಟ್ಟು ಉಂಡೆ ಮಾಡಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುವುತ್ತ ಬಳಿಯಬೇಕು. ಒಂದೊಂದು ಪದರವೂ ಈರುಳ್ಳಿ ಸಿಪ್ಪೆಗಿಂತ ತೆಳು. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ, ಅದಕ್ಕೇ ಒಲೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ, ದೊಡ್ಡವರೇ ಬಳಿಯಬೇಕು ಎಂಬ ನಿಯಮ ಮಾಡಿಕೊಂಡಿದ್ದೆವು.

ನಾಲ್ಕು ಪದರ ಆಗುವಷ್ಟರಲ್ಲಿ ಜಡಿಮಳೆ ಹಿಡಿಯಿತು. "ಈಗ ಕೈ ಹಚ್ಚಬೇಡಿ ಸ್ವಾಮಿ, ತೇವ ಹಿಡಿದು ಬೂದಿ ಬಳಿದ ಹಾಗಾಗ್ತದೆ" ಎಂದು ಆಚಾರ್ರು ಮೊದಲೇ ಎಚ್ಚರಿಸಿದ್ದರು. ಹದಿನೇಳು ದಿನ ಕಾದೆವು. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಮೊಮ್ಮಗಳು ದಿನಾ ಬೆಳಗ್ಗೆ ಎದ್ದು ಆಕಾಶ ನೋಡುವುದು, ಸಂಜೆ ಬಂದು ಗಿಟಾರಿನ ಮೇಲಿನ ಬೆಡ್‌ಶೀಟು ಸರಿಸಿ ನೋಡುವುದು. ಹದಿನೆಂಟನೆಯ ದಿನ ಬಿಸಿಲು ಬಂತು. ಇನ್ನೂ ಹತ್ತು ಪದರ ಏರಿದ ಮೇಲೆ ಹಲಸಿನ ನಾರು ಜೇನುತುಪ್ಪದೊಳಗಿಂದ ನೋಡಿದ ಹಾಗೆ ಕಂಡಿತು. ಬಾಗಿಲಾಗಿದ್ದಾಗ ಅಗುಳಿ ಉಜ್ಜಿ ಆಗಿದ್ದ ಒಂದು ಗೆರೆ ಅದರ ಬೆನ್ನ ಮೇಲೆ ಹಾಗೆಯೇ ಉಳಿದಿದೆ. ತೆಗೆಯುವುದು ಬೇಡ ಎಂದು ಅವಳೇ ಹೇಳಿದಳು.

ಕತ್ತನ್ನು ಮೈಗೆ ಸ್ಕ್ರೂ ಹಾಕಿ ಜೋಡಿಸುವ ಮೊದಲು, ಮುಂದೆ ಯಾರಿಗೂ ಕಾಣದ ಆ ಜಾಗದಲ್ಲಿ ಇಬ್ಬರೂ ಸಹಿ ಮಾಡಿದೆವು. "ತಾತ, ಎಡಗೈಲಿ ಮಾಡು" ಎಂದಳು. ಅರವತ್ತೇಳು ವರ್ಷದ ಮೇಲೆ ಎಡಗೈಯಲ್ಲಿ ಹೆಸರು ಬರೆದೆ. ಒಂದನೇ ಕ್ಲಾಸಿನ ಹುಡುಗನ ಅಕ್ಷರ. ಬ್ಯಾಂಕಿಗೆ ಕೊಟ್ಟಿದ್ದರೆ 'ಸಹಿ ತಾಳೆಯಾಗುತ್ತಿಲ್ಲ' ಎಂದು ಚೆಕ್ಕು ವಾಪಸು ಬರುತ್ತಿತ್ತು.

ತಂತಿ ಹಾಕಿ ಬಿರಡೆ ತಿರುಗಿಸಿದೆವು. ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸಬೇಕು, ಉಳಿದವು 55, 73, 98. ಮೊಬೈಲಿನಲ್ಲಿ ಶ್ರುತಿ ನೋಡುವ ಆ್ಯಪ್ ಇದೆ. 12ನೇ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿದಾಗ ಅದು ತುಸು ಎಳೆದು ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಕೆಳಗಿನ ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿದೆವು. ತೂಕ 3 ಕಿಲೋ 400 ಗ್ರಾಂ. ಅವಳು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಎಡಗೈ ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದಳು. ಮೊದಲು ನನ್ನ ಪಾದಕ್ಕೆ ಗೊತ್ತಾಯಿತು, ಆಮೇಲೆ ಕಿವಿಗೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಝಣ್ ಎಂದವು. "ಇಪ್ಪತ್ತು ವರ್ಷ ಬಾಗಿಲು ಸುಮ್ಮನಿತ್ತು, ಈಗ ಶುರುವಾಯ್ತು" ಎಂದು ನನ್ನಾಕೆ ಗೊಣಗಿದಳು. ಸಂಜೆ ಅವಳೇ ಇನ್ನೊಂದು ಸಲ ನುಡಿಸಲು ಹೇಳಿದಳು.

ವಾರ್ಷಿಕೋತ್ಸವದಲ್ಲಿ ಅವಳು ವೇದಿಕೆಯ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ ನಿಂತಿದ್ದಳು. ಬಾಸ್ ನುಡಿಸುವವರ ಜಾಗವೇ ಅದು. ಮೂವರು ಗಿಟಾರಿನವರ ಕತ್ತು ಒಂದು ಕಡೆ, ಇವಳದ್ದೊಂದು ಇನ್ನೊಂದು ಕಡೆ ಚಾಚಿತ್ತು. ಮುಗಿದ ಮೇಲೆ ಏಳೆಂಟು ವರ್ಷದ ಒಬ್ಬ ಹುಡುಗ ಬಂದು, "ಅಕ್ಕಾ, ನಾನೂ ಎಡಗೈ" ಎಂದು ತನ್ನ ಅಂಗೈ ತೋರಿಸಿದ. ಬೇರೇನೂ ಹೇಳಲಿಲ್ಲ. ಇವಳು ಬಗ್ಗಿ ಗಿಟಾರನ್ನು ಅವನ ಕೈಗೆ ಕೊಟ್ಟಳು.

ನನ್ನ ಹಾಗಿರುವ ಅಜ್ಜ ಅಜ್ಜಿಯರೇ, ಎಲ್ಲರೂ ಗಿಟಾರು ಮಾಡಬೇಕಾಗಿಲ್ಲ. ಎಡಚ ಮಗುವಿಗೆ ಎಡಗೈಯವರ ಕತ್ತರಿ ಒಂದನ್ನು ತಂದುಕೊಡಿ. ಊಟಕ್ಕೆ ಕೂತಾಗ ಮೊಣಕೈ ಪಕ್ಕದವರಿಗೆ ತಾಗದ ಹಾಗೆ ತುದಿಯ ಜಾಗ ಬಿಟ್ಟುಕೊಡಿ. ನೀರಿನ ಲೋಟವನ್ನು ಎಡಕ್ಕೆ ಇಡಿ. ಇವು ಖರ್ಚಿಲ್ಲದ ಕೆಲಸಗಳು. ಮಕ್ಕಳೇ, ನಿಮಗೂ ಒಂದು ಕೆಲಸ ಉಂಟು. ನಿಮ್ಮ ತಾತ ಅಜ್ಜಿ ಹೂ ಕಟ್ಟುವಾಗ, ತೆಂಗಿನಕಾಯಿ ತುರಿಯುವಾಗ, ಚೆಂಡು ಎಸೆಯುವಾಗ ಯಾವ ಕೈ ಮುಂದಾಗುತ್ತದೆ ಎಂದು ಗಮನಿಸಿ ನೋಡಿ. ಎಡಗೈ ಆಗಿದ್ದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ. ನನ್ನನ್ನು ಕೇಳಿದ ಹಾಗೆ.